ಪಾಲಯ್ಯ ಹಾಕಿದ ಕೂಗು

ಮೊನ್ನೆ ನಮ್ಮ ಮನೆಯಾಕೆ ಶೇಂಗಾ ಚಿಕ್ಕಿ ಮಾಡೋಕೆ ಬೆಲ್ಲದ ಪಾಕ ಇಟ್ಟು, ಪಕ್ಕದ ಮನೆಯವಳ ಜೊತೆ ಮಾತಿಗೆ ನಿಂತು ಮರೆತೇಬಿಟ್ಟಳು. ಪಾಕ ತಳ ಹಿಡಿದು ಮನೆಯೆಲ್ಲ ಸೀದ ಬೆಲ್ಲದ ವಾಸನೆ. ಬೇರೆಯವರಿಗಾದರೆ ಬಾಯಲ್ಲಿ ನೀರೂರುತ್ತಿತ್ತೇನೋ, ನನಗೆ ಒಳಗೆ ಕೂರೋಕಾಗಲಿಲ್ಲ. ಎದ್ದು ಹೋಗಿ ಗ್ಯಾರೇಜಿನ ಬಾಗಿಲಲ್ಲಿ ಕೂತೆ. ಸೀದ ಬೆಲ್ಲಕ್ಕೆ ದೀಪದ ಕಾಡಿಗೆ ಕಲಸಿದರೆ ಸಿನಿಮಾದ ರಕ್ತ ಆಗ್ತದೆ. ಒಂದು ಬೇಸಿಗೆ ಪೂರ್ತಿ ಆ ರಕ್ತವನ್ನ ಬಕೆಟ್ಟಿನಲ್ಲಿ ಕಲಸಿದವನು ನಾನು. ನನ್ನ ತಮ್ಮನ ಮೈಗೆ ಬಳಿದವನೂ ನಾನೇ.

ಹೋದ ಬೇಸಿಗೆ ಅಲ್ಲ, ಅದರ ಹಿಂದಿನದು. ಚಳ್ಳಕೆರೆಯಲ್ಲಿ ನಮ್ಮ ಅಬ್ಬಾ ಹಾಕಿದ ಗ್ಯಾರೇಜು ನಮ್ಮದು. ಅಬ್ಬಾ ತೀರಿಕೊಂಡಾಗ ತಮ್ಮ ಯೂಸುಫ್ ಇನ್ನೂ ಚಡ್ಡಿ ಹಾಕೋ ವಯಸ್ಸಿನವನು, ನಾನೇ ಸಾಕಿದೆ. ಪಾನಾ ಹಿಡಿಯೋದು ಕಲಿಸಿದೆ, ಇಂಜಿನ್ ಬಿಚ್ಚೋದು ಕಲಿಸಿದೆ. ಆದರೆ ಅವನ ಕಣ್ಣು ಯಾವತ್ತೂ ಇಂಜಿನ್ ಮೇಲೆ ಇರಲಿಲ್ಲ. ರಿಪೇರಿಗೆ ಬಂದ ಲಾರಿಯ ಸೈಡ್ ಕನ್ನಡಿಯಲ್ಲಿ ತಲೆ ಬಾಚಿಕೊಂಡು, ಹುಬ್ಬು ಹಾರಿಸಿಕೊಂಡು ನಿಲ್ಲೋನು. ಅಂಥವನ ಕಣ್ಣಿಗೆ ತಿಪ್ಪೇಶ ಬಿದ್ದ, ನಮ್ಮ ಗ್ರಹಚಾರ.

ತಿಪ್ಪೇಶ ಪರಶುರಾಂಪುರದವನು, ಮದುವೆಗಳ ವಿಡಿಯೋ ಮಾಡೋನು. ತಾಳಿ ಕಟ್ಟೋದು, ಅಕ್ಕಿ ಹಾಕೋದು ತೆಗೆದು ತೆಗೆದು ಬೇಜಾರಾಗಿ, ಒಂದು ಸಿನಿಮಾ ತೆಗೆಯದೆ ಸಾಯಲ್ಲ ಅಂತ ಹಟ ಹಿಡಿದಿದ್ದ. ಕಥೆ ಏನಪ್ಪಾ ಅಂದರೆ, ನಾಲ್ಕು ಜನ ಸೇರಿ ಚಳ್ಳಕೆರೆಯ ಒಂದು ಒಡವೆ ಅಂಗಡಿ ದೋಚ್ತಾರೆ. ಚಿನ್ನ ತುಂಬಿಕೊಂಡು ಮೊಳಕಾಲ್ಮೂರಿನ ಗುಡ್ಡ ಹತ್ತಿ ಆಂಧ್ರಕ್ಕೆ ದಾಟೋಕೆ ನೋಡ್ತಾರೆ. ದಾರಿಯುದ್ದಕ್ಕೂ ಒಬ್ಬರನ್ನೊಬ್ಬರು ಕೊಂದುಕೊಳ್ತಾರೆ, ಕೊನೆಗೆ ಚಿನ್ನ ಬಂಡೆ ಸಂದಿಯಲ್ಲಿ ಉಳೀತದೆ. ಅವನ ಹತ್ತಿರ ಇದ್ದದ್ದು ಎರಡು ಹಳೇ ಕ್ಯಾಮೆರಾ. ಒಂದರಲ್ಲಿ ಮುಖ ಹಳದಿ ಬರ್ತಿತ್ತು, ಇನ್ನೊಂದರಲ್ಲಿ ನೀಲಿ. ಅದಕ್ಕೇ ಸಿನಿಮಾ ಕಪ್ಪು-ಬಿಳುಪು. ಬಣ್ಣ ತೆಗೆದುಬಿಟ್ಟರೆ ಬಡತನ ಕಾಣಲ್ಲ ಬಾಬಣ್ಣ, ಜನ ಕಲೆ ಅಂತಾರೆ ಅಂತ ನನಗೇ ಪಾಠ ಹೇಳಿದ. ನಾನು ನಕ್ಕೆ, ಆದರೂ ನನ್ನ ಹಳೇ ವ್ಯಾನು ಕೊಟ್ಟೆ. ಆ ವ್ಯಾನಿನ ಗೇರು ನನ್ನ ಕೈಗೆ ಬಿಟ್ಟು ಯಾರ ಕೈಗೂ ಬೀಳ್ತಿರಲಿಲ್ಲ, ಹಾಗಾಗಿ ಡ್ರೈವರ್ ಪಾತ್ರಾನೂ ನನಗೇ ಬಂತು. ಮೊದಲು ಸಾಯೋ ಕಳ್ಳ ನಾನೇ, ಸ್ಟೀರಿಂಗಿಗೆ ತಲೆ ಜಜ್ಜಿಸಿಕೊಂಡು.

ಕೆಂಪು ಬಣ್ಣ ಆ ಕ್ಯಾಮೆರಾದಲ್ಲಿ ಚಹಾ ಚೆಲ್ಲಿದಂಗೆ ತೆಳ್ಳಗೆ ಕಾಣ್ತಿತ್ತು. ಅದಕ್ಕೆ ಬೆಲ್ಲದ ಪಾಕ, ಕಾಡಿಗೆ. ಬಿಸಿಲಿಗೆ ಅದು ಮೈಗೆ ಅಂಟಿಕೊಂಡು, ನೊಣ ಮುತ್ತಿ, ಇರುವೆ ಹತ್ತಿ, ಸತ್ತ ಪಾತ್ರದವನು ಕೆರಕೊಳ್ಳೋಕೂ ಆಗದೆ ಒದ್ದಾಡೋನು. ತಿಪ್ಪೇಶ ಮಾತ್ರ ಕರಗೋನಲ್ಲ. ಏಟು ಬಿದ್ದಂಗೆ ಕಾಣಬೇಕಾದರೆ ಏಟು ಬೀಳಲೇಬೇಕು ಅನ್ನೋದು ಅವನ ಸಿದ್ಧಾಂತ. ಮುಚ್ಚಿಹೋದ ಎಣ್ಣೆ ಮಿಲ್ಲಿನಲ್ಲಿ ಒಡವೆ ಅಂಗಡಿ ದೃಶ್ಯ ತೆಗೆದಾಗ ಯೂಸುಫನ ತುಟಿ ಒಡೀತು. ಹೊಡೆದವನು ಮಂಜ, ಮಂಡಿಯಲ್ಲಿ ಮೂಟೆ ಹೊರೋ ಹಮಾಲಿ, ಎಮ್ಮೆಯಂಥ ಮೈ, ಮಗುವಿನಂಥ ಮನಸ್ಸು. ಹೊಡೆದುಬಿಟ್ಟು ತಾನೇ ಅಳೋಕೆ ಕೂತ. ಆ ಇಬ್ಬರಿಗೂ ಆ ಬೇಸಿಗೆಯಲ್ಲಿ ಎಂಥ ದೋಸ್ತಿ ಆಯ್ತು ಅಂದರೆ, ಕ್ಯಾಮೆರಾ ಮುಂದೆ ಕುತ್ತಿಗೆ ಹಿಸುಕೋರು, ಕ್ಯಾಮೆರಾ ಹಿಂದೆ ಒಂದೇ ತಟ್ಟೆಯಲ್ಲಿ ಮಂಡಕ್ಕಿ ತಿನ್ನೋರು.

ಬಿಸಿಲು ಏರಿದಂಗೆ ನಮ್ಮ ವ್ಯಾನು ಸಿದ್ದಾಪುರದ ಆಚೆ ಬಂಡೆಗುಡ್ಡಗಳಿಗೆ ಹೋಯ್ತು. ಕೊನೇ ದೃಶ್ಯ ಅಲ್ಲಿ. ಉಳಿದ ಇಬ್ಬರು ಕಳ್ಳರಲ್ಲಿ ಯೂಸುಫ್ ಮಂಜನನ್ನ ಚೂರಿ ಹಾಕಿ ಕೊಲ್ತಾನೆ, ಅದನ್ನ ಒಬ್ಬ ಕುರಿ ಕಾಯೋನು ನೋಡಿಬಿಡ್ತಾನೆ. ಆ ಪಾತ್ರಕ್ಕೆ ನಿಜವಾದ ಕುರಿಗಾರನೇ ಬೇಕು ಅಂತ ತಿಪ್ಪೇಶ ಹಟ ಹಿಡಿದ. ಅಲ್ಲೇ ಒಂದು ಹಟ್ಟಿಯ ಪಾಲಯ್ಯನನ್ನ ಹಿಡಕೊಂಡು ಬಂದ. ಅರವತ್ತು ದಾಟಿದ ಒಣಕಲು ಮನುಷ್ಯ, ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಸಿನಿಮಾ ಅಂದರೆ ಅವನಿಗೆ ನಗು. ನನ್ನನ್ನ 'ಸಾಬ್ರೆ' ಅಂತ ಕರೆಯೋನು, ಮಾತಿನ ನಡುವೆ ತೆಲುಗು ಬೆರೆಸೋನು, ಬೀಡಿ ಹಚ್ಚಿಕೊಂಡು ಕೂತರೆ ನಮ್ಮ ವ್ಯಾನಿನ ನೆರಳೇ ಅವನ ಮನೆ.

ಕೊಲೆ ನೋಡಿ ನೀನು ಕೂಗಬೇಕು ಅಂತ ತಿಪ್ಪೇಶ ಹೇಳಿದಾಗ ಪಾಲಯ್ಯನ ನಗು ನಿಂತಿತು. ಆಗಲ್ಲ ಅಂದ. ಆ ಗುಡ್ಡದ ಕುರಿಗಾರರಲ್ಲಿ ಕೂಗು ಅನ್ನೋದು ಆಟದ್ದಲ್ಲ ಅಂತ ಅವನೇ ನಮಗೆ ಬಿಡಿಸಿ ಹೇಳಿದ. ತೋಳ ಬಿದ್ದರೆ, ಕುರಿಗಳ್ಳರು ಬಂದರೆ, ಯಾರಾದರೂ ಯಾರನ್ನಾದರೂ ಕೊಲ್ಲೋದು ಕಂಡರೆ, ಕಂಡವನು ಬಂಡೆ ಹತ್ತಿ ಬಾಯಿಗೆ ಕೈ ಅಡ್ಡ ಇಟ್ಟು ಕೂಗು ಹಾಕ್ತಾನೆ. ಅದರಲ್ಲಿ ಮಾತಿಲ್ಲ, ಬರೀ ಉದ್ದನೆ ದನಿ. ಕೇಳಿದವನು ಮುಂದಿನ ಹಟ್ಟಿಗೆ ಅದನ್ನ ದಾಟಿಸಿ, ಉಣ್ಣೋ ತಟ್ಟೆ ಬಿಟ್ಟು ಓಡಿ ಬರಬೇಕು. ಬಂದವನು ಯಾಕೆ, ಏನು ಅಂತ ಕೇಳೋ ಹಂಗಿಲ್ಲ, ಕೇಳ್ತಾ ನಿಂತರೆ ತೋಳ ಕಾಯ್ತಾ ಕೂರಲ್ಲ. ಮೊದಲು ಹೊಡೀಬೇಕು. ಅದಕ್ಕೇ ಸುಳ್ಳು ಕೂಗು ಹಾಕೋ ಹಂಗೂ ಇಲ್ಲ. ಹಾಕಿದವನ ಕೂಗಿಗೆ ಆಮೇಲೆ ಯಾರೂ ಬರಲ್ಲ. ಕೂಗಿಗೆ ಬೆಲೆ ಇಲ್ಲದವನ ಕೈಗೆ ಒಂದು ಮರಿಯನ್ನೂ ಯಾರೂ ಬಿಡಲ್ಲ. "ಬಾಯಿ ತೆಗೀತೀನಪ್ಪ, ಎಷ್ಟ್ ಸಲ ಬೇಕಾದ್ರೂ ತೆಗೀತೀನಿ. ಕೂಗು ಮಾತ್ರ ಹಾಕಲ್ಲ" ಅಂದ ಪಾಲಯ್ಯ. ಸರಿ, ಬಾಯಿ ತೆಗೆದರೆ ಸಾಕು, ದನಿ ಆಮೇಲೆ ಸೇರಿಸ್ತೀನಿ ಅಂತ ತಿಪ್ಪೇಶ ಒಪ್ಪಿದ.

ಒಪ್ಪಿದ, ಆದರೆ ಅವನ ತಲೆಯಲ್ಲಿ ಬೇರೆಯದೇ ಓಡ್ತಿತ್ತು. ನಟನೆ ಗೊತ್ತಿಲ್ಲದವರಿಗೆ ಮುಂದೆ ಏನಾಗ್ತದೆ ಅಂತ ಹೇಳಬಾರದು, ಆಗ ಮುಖದಲ್ಲಿ ನಿಜವಾದ ಭಯ ಬರ್ತದೆ ಅನ್ನೋದು ಅವನ ಇನ್ನೊಂದು ಸಿದ್ಧಾಂತ. ಪಾಲಯ್ಯನ ಎದುರು ಬರೀ ತಳ್ಳಾಟ ಅಭ್ಯಾಸ ಮಾಡಿಸಿದ. ಚೂರಿ ತೋರಿಸಲೇ ಇಲ್ಲ. ಆ ಚೂರಿ ತಗಡಿನದು, ಒತ್ತಿದರೆ ಅಲಗು ಹಿಡಿಯೊಳಗೆ ಹೋಗೋ ಹಂಗೆ ಗ್ಯಾರೇಜಿನಲ್ಲಿ ಸ್ಪ್ರಿಂಗ್ ಹಾಕಿ ಮಾಡಿದ್ದು. ಮಂಜನ ಅಂಗಿ ಒಳಗೆ ಪಾಕ ತುಂಬಿದ ಪ್ಲಾಸ್ಟಿಕ್ ಚೀಲ ಇತ್ತು.

ಮಧ್ಯಾಹ್ನದ ಸುಡು ಬಿಸಿಲು. ಕ್ಯಾಮೆರಾಕ್ಕೆ ಕೊಡೆ ಹಿಡಕೊಂಡು ಬಂಡೆ ಮರೆಯಲ್ಲಿ ನಾನಿದ್ದೆ. ಇಬ್ಬರೂ ಬಂಡೆ ಮೇಲೆ ಜಗಳಕ್ಕೆ ಬಿದ್ದರು. ಪಾಲಯ್ಯ ಕುರಿಗಳ ನಡುವೆ ನಿಂತು, ಅಭ್ಯಾಸದಂತೆ ಸುಮ್ಮನೆ ನೋಡ್ತಿದ್ದ. ಯೂಸುಫ್ ಸೊಂಟದಿಂದ ಚೂರಿ ಎಳೆದು ಮಂಜನ ಹೊಟ್ಟೆಗೆ ಒಂದು ಹಾಕಿದ, ಮತ್ತೊಂದು ಹಾಕಿದ. ಚೀಲ ಒಡೆದು ಪಾಕ ಭಗ್ಗನೆ ಚಿಮ್ಮಿತು. ಮಂಜ ಎಂಥಾ ಅರಚು ಅರಚಿದ ಅಂದರೆ ಎಲ್ಲ ಗೊತ್ತಿದ್ದ ನನಗೇ ಎದೆ ಧಸಕ್ಕೆಂತು. ಅವನು ಉರುಳಿ ಬಿದ್ದ. ಯೂಸುಫ್ ನಿಧಾನ ತಿರುಗಿ, ಚೂರಿ ಹಿಡಿದು, ಪಾಲಯ್ಯನ ಕಡೆ ಹೆಜ್ಜೆ ಹಾಕಿದ. ಅದನ್ನೂ ತಿಪ್ಪೇಶನೇ ಹೇಳಿಕೊಟ್ಟಿದ್ದು.

ಪಾಲಯ್ಯ ಕೂಗು ಹಾಕಿಬಿಟ್ಟ.

ತಿಪ್ಪೇಶ ಸಂತೋಷಕ್ಕೆ ನನ್ನ ತೊಡೆ ಹಿಸುಕಿದ. ಆಮೇಲೆ ಆಚೆ ಗುಡ್ಡದಿಂದ ಅದೇ ಕೂಗು ಬಂತು, ಅದರಾಚೆ ಗುಡ್ಡದಿಂದ ಇನ್ನೊಂದು. ಅಷ್ಟರಲ್ಲಿ ಮಂಜ ಎದ್ದು ಕೂತು ಮೊಣಕೈ ಉಜ್ಜಿಕೊಳ್ತಿದ್ದ. ಅವನನ್ನ ನೋಡಿ ಪಾಲಯ್ಯನ ಮುಖ ಬಿಳಿಚಿಕೊಂಡಿತು. "ನಾನ್ ಕೂಗಿಬಿಟ್ನಲ್ಲೋ" ಅಂದ, ಮೆಲ್ಲಗೆ. ಬಂದವರಿಗೆ ಹೇಳಿದರಾಯ್ತು ಬಿಡಜ್ಜ ಅಂತ ಯೂಸುಫ್ ನಕ್ಕ. ಪಾಲಯ್ಯ ನನ್ನ ರಟ್ಟೆ ಹಿಡಿದು, "ವ್ಯಾನ್ ಹತ್ತಿ ಓಡ್ರಿ ಸಾಬ್ರೆ, ಅವ್ರು ಕೇಳಲ್ಲ" ಅಂದ. ನಾನೇನೋ ಓಡಿಬಿಡ್ತಿದ್ದೆ, ಆದರೆ ತಿಪ್ಪೇಶ ಕ್ಯಾಮೆರಾ ಬಿಟ್ಟು ಬರಲ್ಲ ಅಂದ, ಯೂಸುಫ್ ತಿಪ್ಪೇಶನ್ನ ಬಿಟ್ಟು ಬರಲ್ಲ ಅಂದ.

ಮೂರು ಕಡೆಯಿಂದ ಬಂದರು. ಕೋಲು, ಕೊಡಲಿ, ಕಲ್ಲು ತುಂಬಿದ ಮಡಿಲು. ಅರ್ಧ ಜನ ತೆಲುಗಲ್ಲಿ "ಕೊಟ್ಟಂಡ್ರಾ" ಅಂತ, ಅರ್ಧ ಜನ ಕನ್ನಡದಲ್ಲಿ "ಹೊಡೀರೋ" ಅಂತ. ಏಟಿಗೆ ಯಾವ ಭಾಷೆಯಾದರೇನು. ಎಲ್ಲರಿಗಿಂತ ಮುಂದೆ ಬಂದವನು ಪಾಲಯ್ಯನ ಮಗ ಬೋರ. ಅಪ್ಪನ ಎದುರು ಚೂರಿ ಹಿಡಿದು ನಿಂತಿರೋ ಗಂಡಸು, ಮೈತುಂಬ ಕಪ್ಪು ರಕ್ತ. ಅವನು ಇನ್ನೇನು ತಿಳಕೊಳ್ಳಬೇಕು? ಅವನ ಮೊದಲ ಏಟೇ ಯೂಸುಫನ ದವಡೆಗೆ ಬಿತ್ತು. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಒಣ ಕಟ್ಟಿಗೆ ಮುರಿದಂಗೆ, ಅಷ್ಟೇ.

ನಾನು ನುಗ್ಗಿದೆ. ಭುಜಕ್ಕೊಂದು ಬಿತ್ತು, ಬಿದ್ದೆ, ಯಾರೋ ನನ್ನ ಅಂಗೈ ಮೇಲೆ ಕಾಲಿಟ್ಟು ನಿಂತರು. ಯಾರ್ಲೇ ನೀನು, ಹೆಸರೇನ್ಲೇ ಅಂತ ಒಬ್ಬ ಕೂದಲು ಹಿಡಿದು ಕೇಳಿದ. ಸುಳ್ಳು ಯಾಕೆ ಹೇಳಲಿ, ಆ ಹೊತ್ತಲ್ಲಿ ನನ್ನ ಹೆಸರು ಹೇಳೋಕೆ ನನಗೆ ಹೆದರಿಕೆ ಆಯ್ತು, ನಾಲಿಗೆ ಹೊರಳಲಿಲ್ಲ. ಇನ್ನೊಬ್ಬ ಗುರುತು ಹಿಡಿದ. ಇವ್ನು ಬಾಬುಸಾಬಿ, ನಮ್ ಟ್ರ್ಯಾಕ್ಟರ್ ರಿಪೇರಿ ಮಾಡೋನಲ್ವೇನ್ಲೇ ಅಂದ. ಅಂದವನೇ ಮತ್ತೊಂದು ಹಾಕಿದ. ಅವನಿಗೆ ನನ್ನ ಮೇಲೆ ಸಿಟ್ಟೇನೂ ಇರಲಿಲ್ಲ. ಕೂಗು ಬಿದ್ದಿದೆ, ಹೊಡೀಬೇಕು, ಅಷ್ಟೇ ಅವನಿಗೆ ಗೊತ್ತಿದ್ದದ್ದು.

ಮಂಜನನ್ನ ಯಾರೂ ಮುಟ್ಟಲಿಲ್ಲ. ಚೂರಿ ತಿಂದವನು ಅಂತ ಹೆಂಗಸರು ಸೇರಿ ಹಿಡಿದು ಮಲಗಿಸಿದ್ದರು. ಸಿನಿಮಾ, ಸಿನಿಮಾ ಅಂತ ಅವನು ಬಡಕೊಂಡ. ಪ್ರಾಣಸಂಕಟಕ್ಕೆ ಬಡಬಡಿಸ್ತಾನೆ ಪಾಪ ಅಂತ ಅವನ ಬಾಯಿಗೆ ನೀರು ಬಿಟ್ಟರು. ತಿಪ್ಪೇಶನಿಗೂ ಬಿತ್ತು, ತಲೆ ಒಡೀತು. ಆದರೆ ಎಲ್ಲರ ಗುರಿ ಯೂಸುಫ್. ಕಾಲಿಗೆ, ಬೆನ್ನಿಗೆ, ಪಕ್ಕೆಗೆ. ಮೊದಮೊದಲು ಭಾಯ್, ಭಾಯ್ ಅಂತ ನನ್ನನ್ನ ಕರೀತಿದ್ದ. ಆಮೇಲೆ ಆ ದನಿ ನಿಂತುಹೋಯ್ತು. ನನ್ನ ಜೀವ ಅಲ್ಲೇ ಹೋಯ್ತು ಅಂದುಕೊಂಡೆ. ಯಾರೋ ಎರಡೂ ಕೈಯಲ್ಲಿ ಒಂದು ಗುಂಡುಕಲ್ಲು ಎತ್ತೋದು ಕಂಡೆ.

ಆಗ ಒಂದು ಕಂಬಳಿ ಹಾರಿ ಬಂದು ಯೂಸುಫನ ಮೇಲೆ ಬಿತ್ತು. ಅವರ ಜನ ಕಂಬಳಿ ತುಳಿಯಲ್ಲ, ಕಂಬಳಿ ಮೇಲೆ ಕೋಲು ಎತ್ತಲ್ಲ. ಕೋಲುಗಳು ಗಾಳಿಯಲ್ಲೇ ನಿಂತವು. ಅಲ್ಲಿವರೆಗೆ ಜನರ ನಡುವೆ ನುಗ್ಗೋಕಾಗದೆ, ಅವನ ಮಾತು ಯಾರ ಕಿವಿಗೂ ಬೀಳದೆ ಒದ್ದಾಡ್ತಿದ್ದ ಪಾಲಯ್ಯ ಈಗ ಒಳಗೆ ಬಂದು ಕಂಬಳಿ ಪಕ್ಕ ಮಂಡಿಯೂರಿದ. ತಪ್ಪು ಒಪ್ಪಿಕೊಳ್ಳೋನಂಗೆ ತಲೆಯ ರುಮಾಲು ಬಿಚ್ಚಿ ಕೆಳಗಿಟ್ಟ.

"ನಂದು ಸುಳ್ಳು ಕೂಗು. ಹೊಡೆಯೋದಿದ್ರೆ ನನ್ನ ಹೊಡೀರಿ."

ಅವನು ಹಂಗೆ ಹೇಳಬೇಕಾಗಿರಲಿಲ್ಲ. ಮೋಸ ಹೋದೆ, ನನಗೆ ಗೊತ್ತಿರಲಿಲ್ಲ ಅಂತ ಹೇಳಬಹುದಿತ್ತು, ಅದೇ ನಿಜ. ಆದರೆ ಅದನ್ನ ಹೇಳೋಕೆ ಹೊತ್ತು ಬೇಕು, ಅವರು ಕೇಳಬೇಕು, ನಂಬಬೇಕು. ಅಷ್ಟು ಹೊತ್ತು ನನ್ನ ತಮ್ಮನ ಹತ್ತಿರ ಇರಲಿಲ್ಲ. ಸುಳ್ಳು ಅನ್ನೋ ಒಂದೇ ಮಾತಿಗೆ ಅಲ್ಲಿ ಎಲ್ಲರ ಕೈ ಕೆಳಗಿಳೀತು. ಗುಂಡುಕಲ್ಲು ಎತ್ತಿದ್ದವನು ಅದನ್ನ ಪಕ್ಕಕ್ಕೆ ಎಸೆದ.

ಬೋರ ಏದುಸಿರು ಬಿಡ್ತಾ ಅಪ್ಪನನ್ನ ನೋಡಿದ. ಸುಳ್ಳಾ ಅಂತ ಕೇಳಿದ. ಹೂಂ ಅಂದ ಪಾಲಯ್ಯ. ಬೋರನ ಕಣ್ಣು ತುಂಬಿಬಂದವು, ಸಿಟ್ಟಿಗೋ ನಾಚಿಕೆಗೋ ದೇವರೇ ಬಲ್ಲ. "ಇವತ್ತಿಂದ ನಿನ್ನ ಕೂಗಿಗೆ ನಮ್ಮೋರ್ ಯಾರೂ ಬರಲ್ಲ. ಕುರಿ ನಾನ್ ಹೊಡ್ಕಂಡ್ ಹೋಗ್ತೀನಿ" ಅಂದು, ಅಪ್ಪನ ಕೋಲು ಎತ್ತಿಕೊಂಡು ಹೋದ. ಬಂದವರೆಲ್ಲ ಬಂದ ಹಾದಿ ಹಿಡಿದರು, ಹೋಗ್ತಾ ಒಬ್ಬರೂ ಪಾಲಯ್ಯನ ಮುಖ ನೋಡಲಿಲ್ಲ.

ಅದೇ ಕಂಬಳಿಯಲ್ಲಿ ಸುತ್ತಿ ಯೂಸುಫನ್ನ ಮೊಳಕಾಲ್ಮೂರಿಗೆ, ಅಲ್ಲಿಂದ ಬಳ್ಳಾರಿಗೆ ಸಾಗಿಸಿದೆವು. ವ್ಯಾನಿನಲ್ಲಿ ಬೆಲ್ಲದ ವಾಸನೆ, ರಕ್ತದ ವಾಸನೆ, ಎರಡೂ ಕಲಸಿಹೋಗಿದ್ದವು. ದವಡೆಗೆ ತಂತಿ ಕಟ್ಟಿದರು, ಪಕ್ಕೆಲುಬು ಮುರಿದಿತ್ತು, ಬಲಗಾಲಿಗೆ ಸರಳು ಹಾಕಿದರು. ಪೊಲೀಸರು ಬಂದು ಕೇಳಿದಾಗ ಒಬ್ಬೊಬ್ಬರ ಹೆಸರೂ ಹೇಳಿ ಒಳಗೆ ಹಾಕಿಸಬೇಕು ಅಂತ ನಾನು ಕುದೀತಿದ್ದೆ. ಯೂಸುಫ್ ಕೈಸನ್ನೆಯಲ್ಲಿ ಬಂಡೆ ತೋರಿಸಿ, ಜಾರಿ ಬಿದ್ದೆ ಅಂತ ಮಾಡಿ ತೋರಿಸಿದ. ಕೇಸು ಆದರೆ ಮೊದಲು ಹಿಡಿಯೋದು ಪಾಲಯ್ಯನನ್ನೇ ಅಂತ ಅವನ ಲೆಕ್ಕ. ನನಗೆ ಮೈಯೆಲ್ಲ ಉರೀತು, ಆದರೆ ಹಾಸಿಗೆ ಹಿಡಿದವನ ಹತ್ತಿರ ಏನು ಜಗಳ ಆಡೋದು.

ಆ ಉರಿಯನ್ನ ತಿಪ್ಪೇಶನ ಮೇಲೆ ತೀರಿಸಿಕೊಂಡೆ. ತಲೆಗೆ ಹೊಲಿಗೆ ಹಾಕಿಸಿಕೊಂಡು ಗ್ಯಾರೇಜಿಗೆ ಬಂದಿದ್ದ. ಕಪಾಳಕ್ಕೆ ಎರಡು ಬಿಟ್ಟೆ, ತಲೆ ಬಗ್ಗಿಸಿಕೊಂಡು ತಿಂದ. ಆಮೇಲೆ, ಬಾಬಣ್ಣ, ಕ್ಯಾಮೆರಾ ಆಫ್ ಆಗಿರಲಿಲ್ಲ ಅಂದ. ಎಲ್ಲ ರೆಕಾರ್ಡ್ ಆಗಿತ್ತು, ಕೊಲೆ, ಕೂಗು, ಹೊಡೆತ, ಕಂಬಳಿ. ಬೇಡ ಬೇಡ ಅಂದುಕೊಂಡೇ ನೋಡಿದೆ. ಕಪ್ಪು-ಬಿಳುಪಿನಲ್ಲಿ ನನ್ನ ತಮ್ಮನ ನಿಜವಾದ ರಕ್ತ ಚಹಾ ಕಲೆಯಂಗೆ ತೆಳ್ಳಗೆ ಕಾಣ್ತಿತ್ತು. ಮಂಜನ ಬೆಲ್ಲದ ಪಾಕವೇ ರಕ್ತದಂಗೆ ಕಾಣ್ತಿತ್ತು. ಇದನ್ನ ಒಬ್ಬನಿಗೆ ತೋರಿಸಿದರೂ ಕ್ಯಾಮೆರಾ ಜೊತೆ ನಿನ್ನನ್ನೂ ಒಡೀತೀನಿ ಅಂದೆ. ತಂತಿ ಬಿಚ್ಚಿದ ಮೇಲೆ ಯೂಸುಫ್ ಆಡಿದ ಮೊದಲ ಮಾತುಗಳಲ್ಲಿ ಒಂದು ತಿಪ್ಪೇಶನಿಗೆ ಹೇಳಿದ್ದು, ಸಿನಿಮಾದ್ದು. ಹೊಡೆದಿದ್ದೆಲ್ಲ ತೆಗೆದುಹಾಕು, ಸಿನಿಮಾ ಪಾಲಯ್ಯನ ಕೂಗಿಗೆ ಮುಗೀಲಿ, ಮೊದಲ ಆಟ ಆ ಹಟ್ಟಿಯಲ್ಲೇ ಆಗ್ಲಿ ಅಂದ. ನಿನಗೆ ತಲೆ ನೆಟ್ಟಗಿದೆಯೇನೋ ಅಂದೆ. ಭಾಯ್, ಆ ಅಜ್ಜ ಏನ್ ಕಂಡು ಕೂಗಿದ ಅಂತ ಅವರು ಒಂದ್ಸಲ ನೋಡ್ಲಿ ಅಂದ.

ಮಳೆಗಾಲ ಹಂಗೇ ಕಳೀತು. ಶೇಂಗಾ ಕೀಳೋ ಹೊತ್ತಿಗೆ ಹೋದೆವು, ಹಟ್ಟಿಯ ಶಾಲೆ ಗೋಡೆಗೆ ಬಿಳೀ ಬಟ್ಟೆ ಕಟ್ಟಿದೆವು. ಯೂಸುಫ್ ಕುಂಟಿಕೊಂಡು ಇಳಿದಾಗ ಜನ ದೂರ ಸರಿದು ದಾರಿ ಬಿಟ್ಟರು. ಒಬ್ಬ ಹೆಂಗಸು ಮಾತ್ರ ಚೊಂಬಲ್ಲಿ ಮಜ್ಜಿಗೆ ತಂದು ಅವನ ಕೈಗೆ ಕೊಟ್ಟು, ಸೆರಗಲ್ಲಿ ಕಣ್ಣು ಒರೆಸಿಕೊಂಡು ಹೋದಳು. ಪಾಲಯ್ಯ ಶಾಲೆ ಎದುರಿನ ಜಗುಲಿ ಮೇಲೆ ಒಬ್ಬನೇ ಕೂತಿದ್ದ. ಬೇಸಿಗೆಯಿಂದ ಗುಡ್ಡ ಹತ್ತಿರಲಿಲ್ಲ, ಕುರಿ ಮುಟ್ಟಿರಲಿಲ್ಲ. ಬೋರ ಅವನ ಜೊತೆ ಮಾತು ಬಿಟ್ಟಿದ್ದ. ನನ್ನ ನೋಡಿ ಎದ್ದು ಕೈ ಹಿಡಿದ, ಕೈ ಹಗುರವಾಗಿತ್ತು. ನಿನ್ನಿಂದ ನನ್ನ ತಮ್ಮ ಉಳಿದ ಅಜ್ಜ ಅಂತ ಹೇಳಬೇಕು ಅಂದುಕೊಂಡು ಹೋಗಿದ್ದೆ. ಹೇಳೋ ಬದಲು ಬೀಡಿ ಕೊಟ್ಟೆ.

ಸೂರ್ಯ ಮುಳುಗಿದ ಮೇಲೆ ಸಿನಿಮಾ ಹಚ್ಚಿದೆವು. ನಾನು ಸ್ಟೀರಿಂಗಿಗೆ ಬಡಿದು ಸತ್ತಾಗ ಎಲ್ಲರೂ ಗೊಳ್ಳೆಂದು ನಕ್ಕರು. ಒಡವೆ ಅಂಗಡಿ ಬಂತು, ಕಳ್ಳರು ಒಬ್ಬೊಬ್ಬರೇ ಸತ್ತರು, ನಗು ಕಮ್ಮಿಯಾಯ್ತು. ಅವರದೇ ಗುಡ್ಡ ತೆರೆ ಮೇಲೆ ಬಂದಾಗ ಎಲ್ಲರೂ ಮುಂದಕ್ಕೆ ಬಾಗಿದರು. ಕುರಿಗಳ ನಡುವೆ ಪಾಲಯ್ಯ, ಒಬ್ಬನೇ. ಬಂಡೆ ಮೇಲೆ ಯೂಸುಫ್, ಮಂಜ. ಚೂರಿ ಹೊರಗೆ ಬಂತು. ಮಂಜನ ಹೊಟ್ಟೆಯಿಂದ ಕಪ್ಪಗೆ ಚಿಮ್ಮಿತು, ಅವನು ಅರಚಿದ, ಉರುಳಿದ. ಯೂಸುಫ್ ತಿರುಗಿ ಮುದುಕನ ಕಡೆ ನಡೆದ. ತೆರೆಯ ಮೇಲೆ ಪಾಲಯ್ಯ ಇನ್ನೂ ಬಾಯಿ ತೆಗೆದಿರಲಿಲ್ಲ.

ಅಷ್ಟರಲ್ಲಿ ಜನರ ನಡುವಿನಿಂದ ಕೂಗು ಎದ್ದಿತು. ಬೋರ ಎದ್ದು ನಿಂತಿದ್ದ, ಕೈ ಬಾಯಿಗೆ ಅಡ್ಡ, ಕತ್ತಿನ ನರ ಉಬ್ಬಿದ್ದವು. ಹಟ್ಟಿಗೆ ಹಟ್ಟಿಯೇ ಎದ್ದು ನಿಂತಿತು. ಅದರ ಹಿಂದೆಯೇ ತೆರೆ ಮೇಲಿನ ಪಾಲಯ್ಯನ ಕೂಗೂ ಬಂತು, ಸಿನಿಮಾ ಮುಗೀತು, ಬಟ್ಟೆ ಬರೀ ಬೆಳ್ಳಗೆ ಉಳೀತು. ಆಚೆ ಹಟ್ಟಿಯಿಂದ ಉತ್ತರದ ಕೂಗು ಕೇಳಿಸಿತು.

ಬೋರನ ಕೈ ಬಾಯಿಂದ ಕೆಳಗೆ ಬಿತ್ತು. ಅವನು ನಿಂತಲ್ಲೇ ನಿಂತ. ಯೂಸುಫ್ ನನ್ನ ತೋಳು ಗಟ್ಟಿಯಾಗಿ ಹಿಡಿದ. ಸ್ವಲ್ಪ ಹೊತ್ತಿಗೆ ಆಚೆ ಹಟ್ಟಿಯವರು ಕೋಲು ಹಿಡಕೊಂಡು, ಮೊಬೈಲ್ ಬೆಳಕು ಬಿಟ್ಟುಕೊಂಡು ಓಡಿ ಬಂದರು. ಕೂಗಿದ್ಯಾರು ಅಂತ ಅವರಲ್ಲಿ ಹಿರೀಕ ಒಬ್ಬ ಕೇಳಿದ. ನಾನು ಅಂದ ಬೋರ. ಆ ಹಿರೀಕನ ಕಣ್ಣು ಎಲ್ಲರ ಮೇಲೂ ಹಾದು, ತೋಳ ಇಲ್ಲ, ಕಳ್ಳ ಇಲ್ಲ ಅಂತ ಕಂಡುಕೊಂಡು, ಬೋರನ ಮುಖದ ಮೇಲೆ ಬಂದು ನಿಂತಿತು. ಬೋರ ತಲೆಯ ರುಮಾಲಿಗೆ ಕೈ ಹಾಕಿದ, ಬಿಚ್ಚೋಕೆ.

ಪಾಲಯ್ಯ ಜಗುಲಿಯಿಂದ ಇಳಿದು ಬಂದ. ಮಗನ ಕೈಯನ್ನ ರುಮಾಲಿನಿಂದ ಬಿಡಿಸಿದ.

"ಕೂಗು ನಿಜದ್ದೇ ಐತೆ. ಕುತ್ಕಳ್ರಿ, ಯಾಕೆ ಕೂಗಿದ ಅಂತ ತೋರಿಸ್ತಾರೆ."

ತಿಪ್ಪೇಶ ಆ ದೃಶ್ಯವನ್ನ ಹಿಂದಕ್ಕೆ ಓಡಿಸಿ ಮತ್ತೆ ಹಚ್ಚಿದ. ಆಚೆ ಹಟ್ಟಿಯವರು ಕೋಲು ಪಕ್ಕಕ್ಕಿಟ್ಟು ಮಣ್ಣಲ್ಲಿ ಕೂತರು. ಚೂರಿ ಬಂತು, ಮಂಜ ಬಿದ್ದ, ಯೂಸುಫ್ ತಿರುಗಿದ. ಆ ಹಿರೀಕ ಅಯ್ಯೋ ಅಂತ ತನ್ನ ಬಾಯಿ ತಾನೇ ಮುಚ್ಚಿಕೊಂಡ. ತೆರೆ ಮೇಲೆ ಪಾಲಯ್ಯ ಕೂಗಿದ. ಬೋರ ಅಪ್ಪನ ಪಕ್ಕ ಕೂತು, ಅವನ ಕೈ ಬಿಡದೆ ಹಿಡಕೊಂಡು, ತಲೆ ತಗ್ಗಿಸಿ ಬಿಕ್ಕಿ ಬಿಕ್ಕಿ ಅಳ್ತಿದ್ದ.